ಬಣ್ಣದ ಡಬ್ಬಿಯ ಮೇಲಿನ ಫೈರ್ ರೇಟಿಂಗ್ ಓದುವುದು ಹೇಗೆ?

‘ಈ ಬಣ್ಣಕ್ಕೆ ಎರಡು ಗಂಟೆ ಫೈರ್ ರೇಟಿಂಗ್ ಇದೆ’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇಷ್ಟೇ: ಯಾವುದರ ಮೇಲೆ ಹಚ್ಚಿದಾಗ? ಎಷ್ಟು ದಪ್ಪಕ್ಕೆ? ಇವೆರಡಕ್ಕೂ ಉತ್ತರ ಸಿಗದಿದ್ದರೆ ಆ ಎರಡು ಗಂಟೆಗೆ ಅರ್ಥವೇ ಇಲ್ಲ. ಡಬ್ಬಿಯಲ್ಲಿರುವ ಬಣ್ಣವನ್ನು ಯಾರೂ ಬೆಂಕಿ ಪರೀಕ್ಷೆಯ ಕುಲುಮೆಗೆ ಇಡುವುದಿಲ್ಲ. ಕುಲುಮೆಗೆ ಹೋಗುವುದು ಬಣ್ಣ ಹಚ್ಚಿದ ಕಂಬ, ಬೋರ್ಡ್ ಹೊಡೆದು ನಿಲ್ಲಿಸಿದ ಗೋಡೆ, ಚೌಕಟ್ಟು ಕೀಲು ಸಮೇತ ಬಾಗಿಲು. ರೇಟಿಂಗ್ ಸಿಗುವುದು ಆ ಇಡೀ ಜೋಡಣೆಗೆ.

ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ. ಕಟ್ಟಡ ಕಟ್ಟಿಸುವವರು, ಸೈಟ್ ನೋಡಿಕೊಳ್ಳುವವರು, ವಸತಿ ಸಂಘದ ಪರವಾಗಿ ಕೊಟೇಶನ್ ಓದುವವರು ಎಲ್ಲರಿಗೂ ಉಪಯೋಗ ಆಗಲಿ ಅಂತ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ತೀರ್ಮಾನಿಸಿ

ಬೆಂಕಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಎರಡು. ಒಂದು: ಈ ವಸ್ತು ತಾನೇ ಹೊತ್ತಿಕೊಂಡು ಬೆಂಕಿಯನ್ನು ಬೆಳೆಸುತ್ತದೆಯೇ? ಇನ್ನೊಂದು: ಬೆಂಕಿ ಬಿದ್ದ ಮೇಲೆ ಈ ಗೋಡೆ, ಕಂಬ, ಬಾಗಿಲು ಎಷ್ಟು ಹೊತ್ತು ತಡೆದು ನಿಲ್ಲುತ್ತದೆ? ಮೊದಲನೆಯದಕ್ಕೆ ಉತ್ತರ ಅಕ್ಷರದಲ್ಲೋ ಕ್ಲಾಸಿನಲ್ಲೋ ಬರುತ್ತದೆ: ಕ್ಲಾಸ್ ಎ, ಕ್ಲಾಸ್ ಬಿ, ಎ1, ಎ2 ಹೀಗೆ. ಎರಡನೆಯದಕ್ಕೆ ಉತ್ತರ ನಿಮಿಷದಲ್ಲಿ ಬರುತ್ತದೆ: 30, 60, 90, 120.

ಇವೆರಡೂ ಒಂದೇ ಅಂತ ತಿಳಿಯುವವರು ಬಹಳ ಜನ. ಮರ ಮತ್ತು ಉಕ್ಕನ್ನು ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಉಕ್ಕು ಉರಿಯುವುದೇ ಇಲ್ಲ. ಮೊದಲ ಪ್ರಶ್ನೆಯಲ್ಲಿ ಅದಕ್ಕೆ ಪೂರ್ತಿ ಅಂಕ. ಆದರೆ ಸುಮಾರು 550 ರಿಂದ 600 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದರ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿರುತ್ತದೆ. ಏನೂ ಹೊದಿಕೆ ಇಲ್ಲದ ತೆಳು ಉಕ್ಕಿನ ಬೀಮ್ ದೊಡ್ಡ ಬೆಂಕಿಯಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೇ ಬಾಗಿಬಿಡಬಹುದು. ಮರದ ಕಥೆ ಇದಕ್ಕೆ ಪೂರಾ ಉಲ್ಟಾ. ಮರ ಉರಿಯುತ್ತದೆ. ಆದರೆ ದಪ್ಪ ಮರದ ತೊಲೆಯ ಹೊರಮೈ ಇದ್ದಿಲಾಗುತ್ತಾ ಹೋಗುತ್ತದೆ, ಆ ಇದ್ದಿಲೇ ಒಳಗಿನ ಗಟ್ಟಿ ಮರಕ್ಕೆ ಶಾಖ ತಾಗದಂತೆ ಕಾಯುತ್ತದೆ. ಮೆದು ಜಾತಿಯ ಮರ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್ ಇದ್ದಿಲಾಗುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ಅಂದರೆ ಒಂದು ಗಂಟೆಗೆ ಒಂದೊಂದು ಬದಿಯಿಂದ ಸುಮಾರು 39 ಮಿಲಿಮೀಟರ್. ಅಷ್ಟು ಹೋದ ಮೇಲೂ ಭಾರ ಹೊರುವಷ್ಟು ಮರ ಒಳಗೆ ಉಳಿಯುವಂತೆ ದಪ್ಪ ಇಟ್ಟರೆ ಆ ತೊಲೆ ಒಂದು ಗಂಟೆ ನಿಲ್ಲುತ್ತದೆ.

ಒಮ್ಮೆ ಒಂದು ಗೋದಾಮಿನ ಕೆಲಸ ನೋಡಲು ಹೋಗಿದ್ದೆ. ಉಕ್ಕಿನ ಕಂಬಗಳಿಗೆಲ್ಲ ಬಿಳಿ ಬಣ್ಣ ಬಳಿದಾಗಿತ್ತು. ‘ಸರ್, ಫೈರ್ ಪೇಂಟ್ ಮುಗೀತು. ಕ್ಲಾಸ್ ಎ ಸರ್ಟಿಫಿಕೇಟ್ ಇದೆ ನೋಡಿ’ ಅಂತ ಮೇಸ್ತ್ರಿ ಖುಷಿಯಿಂದಲೇ ಕಾಗದ ಕೊಟ್ಟರು. ಕಾಗದ ಸಾಚಾನೇ ಇತ್ತು. ಆದರೆ ಅದು ಬೋರ್ಡಿನ ಮೇಲೆ ಹಚ್ಚಿದ ಬಣ್ಣದ ಮೇಲ್ಮೈಯಲ್ಲಿ ಜ್ವಾಲೆ ಎಷ್ಟು ಬೇಗ ಹರಡುತ್ತದೆ ಅನ್ನುವ ಪರೀಕ್ಷೆಯದು. ಉಕ್ಕನ್ನು ಎಷ್ಟು ನಿಮಿಷ ತಂಪಾಗಿಡುತ್ತದೆ ಅನ್ನುವ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ದಪ್ಪ ಅಳೆಯುವ ಗೇಜ್ ಇಟ್ಟರೆ 90 ಮೈಕ್ರಾನ್ ತೋರಿಸಿತು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಅಂದರೆ ಮಾಮೂಲಿ ಬಣ್ಣದಷ್ಟೇ. ಪಾಪ, ಅವರು ಮೋಸ ಮಾಡಿರಲಿಲ್ಲ. ಕೊಟೇಶನ್‌ನಲ್ಲಿ ‘ಫೈರ್ ಪೇಂಟ್’ ಅಂತ ಎರಡೇ ಪದ ಇತ್ತು, ಅವರು ಅದನ್ನೇ ತಂದಿದ್ದರು. ಅಂದಿನಿಂದ ಆ ಎರಡು ಪದವನ್ನು ನಾನು ಯಾವ ಕಾಗದದಲ್ಲೂ ಒಂಟಿಯಾಗಿ ಬಿಡುವುದಿಲ್ಲ.

ಎರಡನೆಯ ಹೆಜ್ಜೆ: ಅಕ್ಷರದ ರೇಟಿಂಗ್ ಓದಿ

ಯುರೋಪಿನ ಇಎನ್ 13501-1 ಪದ್ಧತಿಯಲ್ಲಿ ಏಳು ಮೆಟ್ಟಿಲುಗಳಿವೆ: ಎ1, ಎ2, ಬಿ, ಸಿ, ಡಿ, ಇ, ಎಫ್. ಎ1 ಅಂದರೆ ಬೆಂಕಿಗೆ ಏನೂ ಸೇರಿಸದ ವಸ್ತು: ಕಲ್ಲು, ಕಾಂಕ್ರೀಟ್, ಗಾಜು, ಉಕ್ಕು. ಮಾಮೂಲಿ ಜಿಪ್ಸಂ ಬೋರ್ಡ್ ಸಾಮಾನ್ಯವಾಗಿ ಎ2, ಮೇಲಿನ ಕಾಗದದಿಂದಾಗಿ ಒಂದು ಮೆಟ್ಟಿಲು ಕೆಳಗೆ. ಏನೂ ಹಚ್ಚದ ಮರ ಸಾಮಾನ್ಯವಾಗಿ ಡಿ. ಎಫ್ ಅಂದರೆ ಇ ಮೆಟ್ಟಿಲಿನ ಪರೀಕ್ಷೆಯನ್ನೂ ದಾಟದ್ದು, ಇಲ್ಲವೇ ಪರೀಕ್ಷೆಯನ್ನೇ ಮಾಡಿಸದ್ದು.

ಬಿ ಮತ್ತು ಡಿ ನಡುವೆ ಅಂಥಾ ದೊಡ್ಡ ಅಂತರ ಇದೆಯಾ ಅಂತ ಅನ್ನಿಸಬಹುದು. ಇದೆ. ಈ ಮೆಟ್ಟಿಲುಗಳ ಹಿಂದೆ ಇರುವುದು ಒಂದು ಕೋಣೆಯ ಕಲ್ಪನೆ. ಮೂಲೆಯಲ್ಲಿ ಬರ್ನರ್ ಹಚ್ಚಿ, ಗೋಡೆ ಚಾವಣಿಗೆ ಈ ವಸ್ತು ಹೊದಿಸಿದರೆ, ಎಷ್ಟು ಹೊತ್ತಿಗೆ ಇಡೀ ಕೋಣೆಯೇ ಒಮ್ಮೆಲೇ ಧಗ್ಗನೆ ಹೊತ್ತಿಕೊಳ್ಳುತ್ತದೆ? ಬಿ ಆದರೆ 20 ನಿಮಿಷದ ಪರೀಕ್ಷೆ ಮುಗಿದರೂ ಹೊತ್ತಿಕೊಳ್ಳುವುದಿಲ್ಲ. ಸಿ ಆದರೆ 10 ನಿಮಿಷದ ನಂತರ. ಡಿ ಆದರೆ 2 ರಿಂದ 10 ನಿಮಿಷದೊಳಗೆ. ಇ ಆದರೆ 2 ನಿಮಿಷಕ್ಕೂ ಮೊದಲೇ. ಮಲಗಿದ್ದವರು ಎದ್ದು, ಮಕ್ಕಳನ್ನು ಎತ್ತಿಕೊಂಡು ಬಾಗಿಲು ತಲುಪಲು ಬೇಕಾದ ಹೊತ್ತನ್ನು ನೆನೆಸಿಕೊಂಡರೆ ಈ ಅಕ್ಷರಗಳ ತೂಕ ಗೊತ್ತಾಗುತ್ತದೆ.

ಅಕ್ಷರದ ಪಕ್ಕ ಎರಡು ಬಾಲ ಇರುತ್ತವೆ, ಉದಾಹರಣೆಗೆ ‘ಬಿ-ಎಸ್1,ಡಿ0’. ಎಸ್ ಅಂದರೆ ಹೊಗೆ: ಎಸ್1 ಕಡಿಮೆ, ಎಸ್3 ಜಾಸ್ತಿ. ಬಾಲದಲ್ಲಿನ ಡಿ ಮೆಟ್ಟಿಲಿನ ಡಿ ಅಲ್ಲ, ಅದು ಉರಿಯುತ್ತಾ ಬೀಳುವ ಹನಿ ಮತ್ತು ಚೂರು: ಡಿ0 ಅಂದರೆ ಪರೀಕ್ಷೆಯ 10 ನಿಮಿಷದಲ್ಲಿ ಒಂದೂ ಬೀಳಲಿಲ್ಲ, ಡಿ1 ಅಂದರೆ ಬಿದ್ದದ್ದು 10 ಸೆಕೆಂಡಿಗಿಂತ ಹೆಚ್ಚು ಉರಿಯಲಿಲ್ಲ. ಈ ಬಾಲಗಳನ್ನು ಬಿಟ್ಟು ಬರೀ ‘ಬಿ’ ಅಂತ ಬರೆದಿದ್ದರೆ ಪೂರ್ತಿ ಬರೆದುಕೊಡಿ ಅಂತ ಕೇಳಿ. ಮೆಟ್ಟಿಲು, ಕಾರಿಡಾರ್‌ಗೆ ನಾನು ಮೊದಲು ನೋಡುವುದೇ ಹೊಗೆಯ ಅಂಕಿ. ಜ್ವಾಲೆ ಹತ್ತಿರ ಬರುವ ಮೊದಲೇ ಹೊಗೆ ಕಣ್ಣು ಕತ್ತಲೆ ಮಾಡುತ್ತದೆ, ಉಸಿರು ಕಟ್ಟಿಸುತ್ತದೆ.

ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಎಎಸ್‌ಟಿಎಂ ಇ84 ಅನ್ನುವ ಸುರಂಗದ ಪರೀಕ್ಷೆ. ಉದ್ದನೆಯ ಸುರಂಗದ ಮೇಲ್ಛಾವಣಿಗೆ 24 ಅಡಿ ಉದ್ದದ ಮಾದರಿ ಇಟ್ಟು, ಒಂದು ತುದಿಯಲ್ಲಿ ಗ್ಯಾಸ್ ಬೆಂಕಿ ಕೊಟ್ಟು, 10 ನಿಮಿಷ ಜ್ವಾಲೆ ಎಷ್ಟು ಓಡುತ್ತದೆ ಅಂತ ನೋಡುತ್ತಾರೆ. ಸಿಮೆಂಟ್ ಬೋರ್ಡಿಗೆ ಸೊನ್ನೆ, ರೆಡ್ ಓಕ್ ಮರಕ್ಕೆ ಸುಮಾರು 100 ಅಂತ ಅಳತೆಗೋಲು. 0–25 ಬಂದರೆ ಕ್ಲಾಸ್ ಎ, 26–75 ಕ್ಲಾಸ್ ಬಿ, 76–200 ಕ್ಲಾಸ್ ಸಿ. ಮೂರಕ್ಕೂ ಹೊಗೆಯ ಅಂಕಿ 450 ದಾಟಬಾರದು. ಬ್ರಿಟನ್ನಿನ ಹಳೆಯ ಬಿಎಸ್ 476 ಪದ್ಧತಿಯ ‘ಕ್ಲಾಸ್ 1’, ‘ಕ್ಲಾಸ್ 0’ ಕೂಡ ಇನ್ನೂ ಬಹಳ ಡಬ್ಬಿಗಳ ಮೇಲೆ ಕಾಣುತ್ತದೆ. ಒಂದು ಪದ್ಧತಿಯ ‘ಎ’ಯನ್ನು ಇನ್ನೊಂದು ಪದ್ಧತಿಯ ‘ಎ’ಗೆ ಹೋಲಿಸಬೇಡಿ. ಅಮೆರಿಕದ ಕ್ಲಾಸ್ ಎ ಪಡೆದ ಬಣ್ಣ ಯುರೋಪಿನ ಎ1 ಆಗುವುದಿಲ್ಲ.

ಇಲ್ಲಿ ಒಂದು ಕಹಿ ಪಾಠ ಇದೆ. 2017ರ ಜೂನ್ 14ರಂದು ಲಂಡನ್ನಿನ 24 ಮಹಡಿಯ ಗ್ರೆನ್‌ಫೆಲ್ ಟವರ್‌ನಲ್ಲಿ ನಾಲ್ಕನೆಯ ಮಹಡಿಯ ಒಂದು ಅಡುಗೆಮನೆಯಲ್ಲಿ ಶುರುವಾದ ಬೆಂಕಿ ಹೊರಗೋಡೆ ಹಿಡಿದು ಮೇಲಕ್ಕೆ ಹಬ್ಬಿತು. 72 ಜನ ತೀರಿಹೋದರು. ಹೊರಗೆ ಹೊದಿಸಿದ್ದ ಹಾಳೆಗಳಲ್ಲಿ ಎರಡು ಬದಿ ತೆಳು ಅಲ್ಯೂಮಿನಿಯಂ, ನಡುವೆ ಪಾಲಿಥಿಲೀನ್ ಪ್ಲಾಸ್ಟಿಕ್. ಮೇಲಿನ ಮುಖ ಮಾತ್ರ ನೋಡಿದರೆ ಅದು ಲೋಹ. ಆದರೆ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಹಾಳೆಯ ಅಂಚು, ಕತ್ತರಿಸಿದ ಜಾಗಗಳಲ್ಲಿ ಒಳಗಿನ ಪ್ಲಾಸ್ಟಿಕ್ ಬೆಂಕಿಗೆ ಸಿಗುತ್ತದೆ. ಆದ್ದರಿಂದ ಪದರ ಪದರವಾಗಿರುವ ಯಾವ ವಸ್ತುವೇ ಆಗಲಿ, ಒಳಗೆ ಏನಿದೆ ಅಂತ ಕೇಳದೆ ಮುಂದೆ ಹೋಗಬೇಡಿ.

ಬಣ್ಣಕ್ಕೂ ಇದೇ ಮಾತು. ಸಿಲಿಕೇಟ್ ಬೋರ್ಡ್ ಮೇಲೆ ಹಚ್ಚಿ ‘ಬಿ’ ಪಡೆದ ಬಣ್ಣವನ್ನು ಥರ್ಮಾಕೋಲ್ ಹಾಳೆಯ ಮೇಲೆ ಹಚ್ಚಿದರೆ ಆ ‘ಬಿ’ ಅಲ್ಲಿಗೆ ಬರುವುದಿಲ್ಲ. ಹತ್ತು ವರ್ಷದ ಹಳೆಯ ಎಣ್ಣೆ ಬಣ್ಣದ ನಾಲ್ಕೈದು ಪದರದ ಮೇಲೆ ಹಚ್ಚಿದರೂ ಬರುವುದಿಲ್ಲ. ಕೆಳಗಿನ ಹಳೆಯ ಪದರ ಶಾಖಕ್ಕೆ ಸುಲಿದು ಬಂದರೆ ಮೇಲಿನದು ಎಷ್ಟು ಒಳ್ಳೆಯದಾದರೂ ಜೊತೆಯಲ್ಲೇ ಉದುರುತ್ತದೆ.

ಮೂರನೆಯ ಹೆಜ್ಜೆ: ನಿಮಿಷದ ರೇಟಿಂಗ್ ಓದಿ

‘ಆರ್‌ಇಐ 60’ ಅಂತ ಬರೆದಿದ್ದರೆ ಮೂರು ಅಕ್ಷರಕ್ಕೆ ಮೂರು ಕೆಲಸ. ಆರ್ ಅಂದರೆ ಭಾರ ಹೊತ್ತು ನಿಲ್ಲುವುದು. ಇ ಅಂದರೆ ಬಿರುಕು ಬಿಟ್ಟು ಜ್ವಾಲೆ, ಬಿಸಿ ಗಾಳಿಯನ್ನು ಆಚೆ ಬಿಡದಿರುವುದು. ಐ ಅಂದರೆ ಆಚೆ ಬದಿ ವಿಪರೀತ ಕಾಯದಿರುವುದು. ಕಂಬಕ್ಕೆ ಆರ್ ಒಂದೇ ಸಾಕು. ಭಾರ ಹೊರದ ಅಡ್ಡಗೋಡೆಗೆ ಇ ಮತ್ತು ಐ ಬೇಕು. ಗಾಜಿನ ವಿಷಯದಲ್ಲಿ ಹುಷಾರಾಗಿರಿ: ಬರೀ ‘ಇ 60’ ಗಾಜು ಒಡೆಯದೆ ನಿಲ್ಲುತ್ತದೆ ಸರಿ, ಆದರೆ ಆಚೆ ಬದಿ ನಿಂತವರಿಗೆ ಅದರ ಝಳ ಪೂರ್ತಿ ಹೊಡೆಯುತ್ತದೆ. ಜನ ಪಕ್ಕದಲ್ಲೇ ಹಾದು ಹೊರಗೆ ಹೋಗುವ ದಾರಿಯಲ್ಲಿ ‘ಇಐ’ ಬೇಕು.

ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ಅಂಕಿ ಹೆಚ್ಚು ಅರ್ಥವಾಗುತ್ತದೆ. ಗೋಡೆಯ ಮಾದರಿಯನ್ನು ಕುಲುಮೆಯ ಬಾಯಿಗೆ ನಿಲ್ಲಿಸುತ್ತಾರೆ. ಒಳಗಿನ ಶಾಖವನ್ನು ಐಎಸ್‌ಒ 834 ಅನ್ನುವ ಗೊತ್ತಾದ ಗೆರೆಯ ಪ್ರಕಾರ ಏರಿಸುತ್ತಾರೆ: 5 ನಿಮಿಷಕ್ಕೆ ಸುಮಾರು 576 ಡಿಗ್ರಿ, 30 ನಿಮಿಷಕ್ಕೆ 842, 60 ಕ್ಕೆ 945, 120 ಕ್ಕೆ 1049. ಆಚೆ ಬದಿಗೆ, ಅಂದರೆ ನಾವು ನಿಲ್ಲುವ ಬದಿಗೆ, ಶಾಖ ಅಳೆಯುವ ತಂತಿಗಳನ್ನು ಅಂಟಿಸಿರುತ್ತಾರೆ. ಆ ಬದಿಯ ಸರಾಸರಿ ಶಾಖ ಮೊದಲಿದ್ದದ್ದಕ್ಕಿಂತ 140 ಡಿಗ್ರಿ ಏರಿದರೆ, ಅಥವಾ ಯಾವುದಾದರೂ ಒಂದು ಜಾಗದಲ್ಲಿ 180 ಡಿಗ್ರಿ ಏರಿದರೆ ‘ಐ’ ಮುಗಿಯಿತು. ಎಲ್ಲಾದರೂ ಬಿರುಕು ಕಂಡರೆ ತಂತಿಯ ಚೌಕಟ್ಟಿನಲ್ಲಿ ಹತ್ತಿಯ ತುಂಡು ಸಿಕ್ಕಿಸಿ ಆ ಬಿರುಕಿನ ಮುಂದೆ ಹಿಡಿಯುತ್ತಾರೆ. ಹತ್ತಿ ಹೊತ್ತಿಕೊಂಡರೆ ‘ಇ’ ಮುಗಿಯಿತು. ಯಂತ್ರಗಳೆಲ್ಲ ಇದ್ದೂ ಕೊನೆಗೆ ತೀರ್ಪು ಹೇಳುವುದು ಒಂದು ಹಿಡಿ ಹತ್ತಿ. ಆ ಬಿರುಕಿನ ಆಚೆ ಪರದೆಯೋ ಹಾಸಿಗೆಯೋ ಇದ್ದರೆ ಏನಾಗುತ್ತಿತ್ತು ಅನ್ನುವುದನ್ನೇ ಅದು ತೋರಿಸುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಈ ನಿಮಿಷಗಳು ಕುಲುಮೆಯ ನಿಮಿಷಗಳು. ನಿಜವಾದ ಬೆಂಕಿ ಈ ಗೆರೆ ನೋಡಿಕೊಂಡು ಏರುವುದಿಲ್ಲ. 60 ಅಂತ ಇದ್ದ ಮಾತ್ರಕ್ಕೆ ಒಂದು ಗಂಟೆ ಒಳಗೆ ಕೂರಬಹುದು ಅಂತ ಅಲ್ಲ. ಇನ್ನೊಂದು, ಎಣ್ಣೆ, ಪೆಟ್ರೋಲ್, ದ್ರಾವಕ ಇಡುವ ಜಾಗಕ್ಕೆ ಈ ಗೆರೆಯ ಪರೀಕ್ಷೆ ಸಾಲದು. ಅದಕ್ಕೆಂದೇ ಇರುವ ಅಮೆರಿಕದ ಯುಎಲ್ 1709 ಪರೀಕ್ಷೆಯಲ್ಲಿ 5 ನಿಮಿಷದೊಳಗೆ ಸುಮಾರು 1093 ಡಿಗ್ರಿಗೆ ಏರಿಸುತ್ತಾರೆ. ಅಂಥ ಜಾಗಕ್ಕೆ ಆ ಜಾತಿಯ ಪರೀಕ್ಷೆ ದಾಟಿದ ಹೊದಿಕೆಯನ್ನೇ ಕೇಳಿ.

ನಾಲ್ಕನೆಯ ಹೆಜ್ಜೆ: ಉಕ್ಕಿಗೆ ಹಚ್ಚುವ ಬಣ್ಣದ ಲೆಕ್ಕ ಹಾಕಿಸಿ

ಉಕ್ಕನ್ನು ಕಾಯುವ ಬಣ್ಣಕ್ಕೆ ಇಂಟ್ಯುಮೆಸೆಂಟ್ ಪೇಂಟ್ ಅಂತಾರೆ. ಉಬ್ಬುವ ಬಣ್ಣ. ಇದರೊಳಗೆ ಮುಖ್ಯವಾಗಿ ಮೂರು ಪದಾರ್ಥ: ಅಮೋನಿಯಂ ಪಾಲಿಫಾಸ್ಫೇಟ್, ಪೆಂಟಾಎರಿಥ್ರಿಟಾಲ್, ಮೆಲಮೈನ್. ಶಾಖ ಇನ್ನೂರು ಡಿಗ್ರಿ ದಾಟುತ್ತಿದ್ದ ಹಾಗೆ ಮೊದಲನೆಯದು ಆಮ್ಲ ಬಿಡುತ್ತದೆ, ಆ ಆಮ್ಲ ಎರಡನೆಯದನ್ನು ಇದ್ದಿಲು ಮಾಡುತ್ತದೆ, ಮೂರನೆಯದು ಅನಿಲ ಬಿಟ್ಟು ಆ ಇದ್ದಿಲನ್ನು ಊದಿಸುತ್ತದೆ. ಒಂದು ಮಿಲಿಮೀಟರ್ ಬಣ್ಣ ಕೆಲವು ಸೆಂಟಿಮೀಟರ್ ದಪ್ಪದ ಹೊದಿಕೆಯಾಗುತ್ತದೆ. ಹತ್ತಿರದಿಂದ ನೋಡಿದರೆ ಮೊದಲು ಬಣ್ಣ ಮೆತ್ತಗಾಗಿ ಸಣ್ಣ ಗುಳ್ಳೆ ಏಳುತ್ತದೆ, ಆಮೇಲೆ ನಿಧಾನಕ್ಕೆ ಕಪ್ಪು ನೊರೆ ಮೇಲೆದ್ದು, ಬೂದಿ ಬಣ್ಣಕ್ಕೆ ತಿರುಗಿ ನಿಲ್ಲುತ್ತದೆ. ಆರಿದ ಮೇಲೆ ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಹಗುರ. ಆದರೆ ಒಳಗೆಲ್ಲ ಗಾಳಿಯ ಗೂಡು. ಆ ಗಾಳಿಯೇ ಉಕ್ಕಿಗೆ ಶಾಖ ಹೋಗದಂತೆ ತಡೆಯುವುದು.

ಈಗ ಎಷ್ಟು ದಪ್ಪ ಹಚ್ಚಬೇಕು? ಮೂರು ವಿಷಯ ಸೇರಿ ಅದನ್ನು ತೀರ್ಮಾನಿಸುತ್ತವೆ: ಎಷ್ಟು ನಿಮಿಷ ಬೇಕು, ಉಕ್ಕು ಎಷ್ಟು ಡಿಗ್ರಿವರೆಗೆ ಬಿಸಿಯಾಗಬಹುದು, ಮತ್ತು ಉಕ್ಕಿನ ತುಂಡು ಎಷ್ಟು ತೆಳುವಾಗಿದೆ. ಈ ಮೂರನೆಯದಕ್ಕೆ ಸೆಕ್ಷನ್ ಫ್ಯಾಕ್ಟರ್ ಅಂತ ಹೆಸರು. ‘ಎ/ವಿ’ ಅಥವಾ ‘ಎಚ್‌ಪಿ/ಎ’ ಅಂತ ಬರೆದಿರುತ್ತಾರೆ. ಶಾಖ ತಾಗುವ ಮೈಯನ್ನು ಉಕ್ಕಿನ ಗಾತ್ರದಿಂದ ಭಾಗಿಸಿದರೆ ಅದು ಸಿಗುತ್ತದೆ. ಮೀಟರ್ ಲೆಕ್ಕದಲ್ಲಿ, ಎರಡೂ ಬದಿ ಬಿಸಿಯಾಗುವ 10 ಮಿಲಿಮೀಟರ್ ತಗಡಿಗೆ 200. 20 ಮಿಲಿಮೀಟರ್ ತಗಡಿಗೆ 100. ಅಂಕಿ ಜಾಸ್ತಿ ಆದಷ್ಟೂ ಉಕ್ಕು ಬೇಗ ಕಾಯುತ್ತದೆ, ಬಣ್ಣ ಜಾಸ್ತಿ ಬೇಕು. ದೊಡ್ಡ ಭಾರಿ ಕಂಬಕ್ಕೆ ತೆಳು ಪದರ ಸಾಕಾಗಿ, ಅದರ ಪಕ್ಕದ ಸಣ್ಣ ಬ್ರೇಸಿಂಗ್‌ಗೆ (ಓರೆಯಾಗಿ ಕೊಟ್ಟ ಆಧಾರಕ್ಕೆ) ಅದರ ಎರಡು ಮೂರು ಪಟ್ಟು ಬೇಕಾಗಬಹುದು. ಹಾಗಾಗಿ ಇಡೀ ಕಟ್ಟಡಕ್ಕೆ ಒಂದೇ ದಪ್ಪ ಬರೆದ ಕೊಟೇಶನ್ ಬಂದರೆ ಲೆಕ್ಕವೇ ಹಾಕಿಲ್ಲ ಅಂತ ಸಂಶಯ ಪಡಿ. ಯಾವ ಕಂಬ, ಯಾವ ಬೀಮ್‌ಗೆ ಎಷ್ಟು ಮೈಕ್ರಾನ್ ಅನ್ನುವ ಪಟ್ಟಿ ಕೇಳಿ ಪಡೆಯಿರಿ.

ಐದನೆಯ ಹೆಜ್ಜೆ: ಹಚ್ಚುವಾಗ ಪಕ್ಕದಲ್ಲಿ ನಿಂತು ಅಳೆಯಿರಿ

ಪಟ್ಟಿಯಲ್ಲಿರುವುದು ಒಣಗಿದ ಮೇಲಿನ ದಪ್ಪ. ಹಚ್ಚುವಾಗ ಇರುವುದು ಹಸಿ ದಪ್ಪ. ಬಣ್ಣದಲ್ಲಿ ನೂರಕ್ಕೆ 70 ಪಾಲು ಗಟ್ಟಿ ಅಂಶ ಇದ್ದರೆ, 700 ಮೈಕ್ರಾನ್ ಒಣ ದಪ್ಪಕ್ಕೆ 1000 ಮೈಕ್ರಾನ್ ಹಸಿ ದಪ್ಪ ಬೇಕು. ಹಸಿ ಬಣ್ಣಕ್ಕೆ ಬಾಚಣಿಗೆಯಂಥ ಲೋಹದ ಗೇಜ್ ಒತ್ತಿ ನೋಡುತ್ತಾರೆ: ಯಾವ ಹಲ್ಲಿನವರೆಗೆ ಬಣ್ಣ ಅಂಟಿದೆ, ಅಷ್ಟು ದಪ್ಪ. ಒಣಗಿದ ಮೇಲೆ ಮ್ಯಾಗ್ನೆಟಿಕ್ ಗೇಜ್ ಇಟ್ಟು ಅಳೆಯುತ್ತಾರೆ. ಕಂಬದ ನಡುಭಾಗ ಮಾತ್ರ ಅಳೆದು ಬಿಡಬೇಡಿ. ಅಂಚುಗಳಲ್ಲಿ ಬಣ್ಣ ಜಾರಿ ತೆಳುವಾಗಿರುತ್ತದೆ. ಮೇಲೆ, ಚಾವಣಿಗೆ ಕೂಡುವಲ್ಲಿ, ಏಣಿ ಸರಿಯಾಗಿ ಮುಟ್ಟದ ಜಾಗದಲ್ಲಿ ಕಡಿಮೆ ಇರುತ್ತದೆ. ಬೆಂಕಿಯ ಶಾಖ ಮೊದಲು ಸೇರುವುದು ಅಲ್ಲೇ, ಅಲ್ವಾ?

ಕೆಳಗಿನ ಪ್ರೈಮರ್, ಮೇಲಿನ ಟಾಪ್‌ಕೋಟ್ ಎರಡೂ ಆ ಬಣ್ಣದ ಜೊತೆ ಪರೀಕ್ಷೆ ಆದದ್ದೇ ಇರಬೇಕು. ಟಾಪ್‌ಕೋಟ್ ಬರೀ ಚಂದಕ್ಕೆ ಅಂತ ತಿಳಿದು ಬಿಡುವವರಿದ್ದಾರೆ. ಉಬ್ಬುವ ಪದಾರ್ಥಗಳು ನೀರಿಗೆ ಕರಗಿ ಹೊರಬರಬಲ್ಲವು. ತೇವದ ಜಾಗದಲ್ಲಿ ಹೊದಿಕೆ ಇಲ್ಲದೆ ಬಿಟ್ಟರೆ ಬಣ್ಣ ನೋಡಲು ಹಾಗೇ ಇರುತ್ತದೆ, ಉಬ್ಬುವ ಶಕ್ತಿ ಹೋಗಿರುತ್ತದೆ. ಯುರೋಪಿನ ಕಾಗದಗಳಲ್ಲಿ ಇದಕ್ಕೆ ಗುರುತು ಇದೆ: ಎಕ್ಸ್ ಅಂದರೆ ಬಯಲಿಗೂ ಆಗುತ್ತದೆ, ವೈ ಅಂದರೆ ಒಳಗೆ ಮತ್ತು ಅರ್ಧ ಬಯಲಿಗೆ, ಜೆಡ್1 ಒಳಗಿನ ತೇವದ ಜಾಗಕ್ಕೆ, ಜೆಡ್2 ಒಳಗಿನ ಒಣ ಜಾಗಕ್ಕೆ ಮಾತ್ರ.

ಆರನೆಯ ಹೆಜ್ಜೆ: ಬಣ್ಣ ಬಿಟ್ಟು ಬೇರೆ ವಸ್ತುಗಳು

ಜಿಪ್ಸಂ ಬೋರ್ಡಿನ ಗುಟ್ಟು ನೀರು. ಶುದ್ಧ ಜಿಪ್ಸಂನ ತೂಕದಲ್ಲಿ ಸುಮಾರು ನೂರಕ್ಕೆ 21 ಪಾಲು ಒಳಗೇ ಕಟ್ಟಿಕೊಂಡ ನೀರು. ಅದು ಆವಿಯಾಗಿ ಮುಗಿಯುವವರೆಗೆ ಆಚೆ ಬದಿ ಬಹಳ ಕಾಯುವುದಿಲ್ಲ. ನೀರು ಹೋದ ಮೇಲೆ ಬೋರ್ಡ್ ಕುಗ್ಗಿ ಬಿರುಕು ಬಿಡುತ್ತದೆ. ಅದಕ್ಕೇ ಬೆಂಕಿ ತಡೆಯುವ ಬೋರ್ಡಿನಲ್ಲಿ ಗಾಜಿನ ಎಳೆ ಸೇರಿಸಿರುತ್ತಾರೆ. ಆದರೆ ಇಲ್ಲೂ ನಿಮಿಷ ಸಿಗುವುದು ಗೋಡೆಗೆ: ಎಷ್ಟು ಪದರ, ಸ್ಕ್ರೂ ಎಷ್ಟು ಅಂತರ, ಸಂದಿಗೆ ಏನು ತುಂಬಿದೆ ಎಲ್ಲ ಸೇರಿ.

ಕಾಂಕ್ರೀಟ್‌ನಲ್ಲಿ ನೋಡಬೇಕಾದ್ದು ಕವರ್, ಅಂದರೆ ಒಳಗಿನ ಕಂಬಿಯ ಮೇಲೆ ಎಷ್ಟು ದಪ್ಪ ಕಾಂಕ್ರೀಟ್ ಇದೆ ಅನ್ನುವುದು. ಒಳಗಿನ ತೇವ ಆವಿಯಾಗಿ ಒತ್ತಿದಾಗ ಮೇಲಿನ ಪದರ ಸಿಡಿದು ಉದುರಬಹುದು. ಕವರ್ ಕಡಿಮೆ ಇದ್ದರೆ ಕಂಬಿ ನೇರ ಬೆಂಕಿಗೆ ಸಿಗುತ್ತದೆ. ರಾಕ್ ವೂಲ್ (ಕಲ್ಲಿನ ಎಳೆ) ಮತ್ತು ಗ್ಲಾಸ್ ವೂಲ್ (ಗಾಜಿನ ಎಳೆ) ಎರಡೂ ಉರಿಯುವುದಿಲ್ಲ. ಆದರೆ ಗ್ಲಾಸ್ ವೂಲ್ ಬಹಳ ಬೇಗ ಮೆತ್ತಗಾಗಿ ಕುಸಿಯುತ್ತದೆ, ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದನ್ನು ತುಂಬಬಾರದು.

ಬಾಗಿಲಿನ ರೇಟಿಂಗ್ ಹಲಗೆಗೆ ಮಾತ್ರ ಅಲ್ಲ. ಚೌಕಟ್ಟು, ಕೀಲು, ಬೀಗ, ಅಂಚಿನ ಉಬ್ಬುವ ಪಟ್ಟಿ, ತಾನಾಗಿ ಮುಚ್ಚಿಸುವ ಕ್ಲೋಸರ್ ಎಲ್ಲ ಸೇರಿ. ಗಾಳಿ ಬರಲಿ ಅಂತ ಇಟ್ಟಿಗೆ ಕೊಟ್ಟು ತೆರೆದಿಟ್ಟ ಫೈರ್ ಡೋರ್ ತಡೆಯುವುದು ಸೊನ್ನೆ ನಿಮಿಷ.

ಏಳನೆಯ ಹೆಜ್ಜೆ: ಕಾಗದ ಕೈಗೆ ಬಂದಾಗ

ಮೊದಲ ಪುಟದ ಮುದ್ರೆ ನೋಡಿ ತೃಪ್ತಿಪಡಬೇಡಿ. ಒಳಗೆ ಹೋಗಿ ಮಾದರಿಯ ವಿವರಣೆ ಓದಿ. ಯಾವ ಪರೀಕ್ಷೆ ಅಂತ ನಂಬರ್ ಸಮೇತ ಬರೆದಿದೆಯಾ? ಐಎಸ್‌ಒ 834, ಇಎನ್ 13501-2, ಬಿಎಸ್ 476ರ 20–22ನೇ ಭಾಗ, ಎಎಸ್‌ಟಿಎಂ ಇ119, ಭಾರತದ ಐಎಸ್ 3809 ಇವೆಲ್ಲ ತಡೆದು ನಿಲ್ಲುವ ಹೊತ್ತಿಗೆ ಸಂಬಂಧಪಟ್ಟವು. ಇ84, ಬಿಎಸ್ 476ರ 6 ಮತ್ತು 7ನೇ ಭಾಗ, ಇಎನ್ 13501-1 ಹೊತ್ತಿಕೊಳ್ಳುವ ಗುಣಕ್ಕೆ. ನಿಮ್ಮ ಕೆಲಸ ಕಂಬದ್ದಾಗಿ ಕೈಲಿರುವ ಕಾಗದ ಎರಡನೆಯ ಗುಂಪಿನದಾದರೆ ಅಲ್ಲೇ ನಿಲ್ಲಿಸಿ. ಪರೀಕ್ಷೆಗೆ ಇಟ್ಟ ಮಾದರಿ ನಿಮ್ಮ ಸೈಟಿನ ಜೋಡಣೆಯ ಹಾಗೇ ಇದೆಯಾ? ಬಣ್ಣದ ಹೆಸರು ಡಬ್ಬಿಯ ಮೇಲಿನ ಹೆಸರಿಗೆ ಅಕ್ಷರ ಅಕ್ಷರ ಹೊಂದುತ್ತದಾ? ಒಂದೇ ಹೆಸರಿನ ಮುಂದೆ ಬೇರೆ ನಂಬರ್ ಇದ್ದರೆ ಅದು ಬೇರೆ ಬಣ್ಣ. ಕೊನೆಗೆ ನಿಮಗೆ ಎಷ್ಟು ನಿಮಿಷ, ಯಾವ ಕ್ಲಾಸ್ ಬೇಕು ಅನ್ನುವುದನ್ನು ಆ ಜಾಗದ ಕಟ್ಟಡ ನಿಯಮವೇ ಹೇಳಬೇಕು, ಮಾರುವವರಲ್ಲ.

ಕೆಲಸ ಮುಗಿದ ಮೇಲೆ ಬ್ಯಾಚ್ ನಂಬರ್ ಕಾಣುವ ಹಾಗೆ ಡಬ್ಬಿಯ ಫೋಟೊ, ಗೇಜ್ ಓದಿದ ಅಂಕಿಗಳು, ತಾರೀಖು ಎಲ್ಲವನ್ನೂ ಒಂದು ಫೈಲಿನಲ್ಲಿಡಿ. ಆ ಫೈಲ್ ಆರು ತಿಂಗಳ ನಂತರ ಮತ್ತೆ ಬೇಕಾಗುತ್ತದೆ. ಯಾರೋ ಕೇಬಲ್ ಎಳೆಯಲು ಬರುತ್ತಾರೆ, ಎರಡು ಗಂಟೆಯ ಗೋಡೆಗೆ ಕೈ ತೂರುವಷ್ಟು ತೂತು ಕೊರೆಯುತ್ತಾರೆ, ಮಾಮೂಲಿ ಫೋಮ್ ಊದಿ ಹೋಗುತ್ತಾರೆ. ಕ್ಲ್ಯಾಂಪ್ ಹಾಕಲು ಕಂಬದ ಬಣ್ಣವನ್ನು ಅಂಗೈಯಗಲ ಕೆರೆದಿರುತ್ತಾರೆ. ಅವರು ಏಣಿ ಇಳಿಸುವ ಮೊದಲೇ ಹೋಗಿ ನೋಡಿ. ತೂತಿಗೆ ಆ ಗೋಡೆಯ ನಿಮಿಷಕ್ಕೆ ಪರೀಕ್ಷೆಯಾದ ಫೈರ್ ಸೀಲಂಟ್ ತುಂಬಿಸಿ, ಕೆರೆದ ಜಾಗಕ್ಕೆ ಅದೇ ಪ್ರೈಮರ್, ಅದೇ ಬಣ್ಣ, ಪಟ್ಟಿಯಲ್ಲಿದ್ದಷ್ಟೇ ಮೈಕ್ರಾನ್ ಬರುವವರೆಗೆ ಹಚ್ಚಿಸಿ, ಗೇಜ್ ಇಟ್ಟು ಅಂಕಿಯನ್ನು ಅದೇ ಫೈಲಿಗೆ ಸೇರಿಸಿ.